ಕರಡಿಗೆ ಯಾವ ಕಾಟ್ರಿಜ್?

ಕೋವಿ ಲೈಸೆನ್ಸಿನ ನವೀಕರಣಕ್ಕೆ ಅರ್ಜಿ ಬರೆಸಿಕೊಳ್ಳಲು ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು ಈಚೆಗೆ ಕೇಳುವ ಪ್ರಶ್ನೆ ಒಂದೇ. "ಕರಡಿಗೆ ಅಂತಲೇ ಸ್ಲಗ್ ಕಾಟ್ರಿಜ್ ಬರುತ್ತದಂತಲ್ಲ ಸ್ವಾಮೀ, ಅದನ್ನು ತರಿಸಿ ಮನೆಯಲ್ಲಿಟ್ಟುಕೊಳ್ಳಬಹುದೇ? ಎಲ್.ಜಿ.ಗಿಂತ ಅದು ಮೇಲೋ?" ಅಲಾಸ್ಕಾದವರು ಕಾಡಿಗೆ ಹೋಗುವಾಗ ಅಂಥ ಕಾಟ್ರಿಜ್ ಇಟ್ಟುಕೊಂಡೇ ಹೋಗುತ್ತಾರೆಂಬುದನ್ನು ಓದು ಕಲಿತ ಮಕ್ಕಳು ಮನೆಯಲ್ಲಿ ಹೇಳಿರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕಿಂತ ಈ ಪತ್ರಿಕೆಯಲ್ಲಿ ಒಮ್ಮೆ ವಿವರವಾಗಿ ಬರೆಯುವುದು ಲೇಸೆಂದು ತೋರಿತು.

ಪ್ರಶ್ನೆ ಹುಡುಗಾಟದ್ದಲ್ಲ. ತರೀಕೆರೆ, ಚನ್ನಗಿರಿ, ಹೊಳಲ್ಕೆರೆ, ಅರಸೀಕೆರೆ ಕಡೆಯ ಕಲ್ಲುಗುಡ್ಡಗಳ ತಪ್ಪಲಿನಲ್ಲಿ ಅಡಿಕೆ ಎಬ್ಬಿಸಿದವರಿಗಾಗಲಿ, ಭದ್ರಾ ಕಾಡಿನ ಅಂಚಿನಲ್ಲಿ ನಾಲ್ಕಾರು ಎಕರೆ ಕಾಫಿ ಇಟ್ಟುಕೊಂಡವರಿಗಾಗಲಿ ಕರಡಿ ಹೊಸ ಪ್ರಾಣಿಯಲ್ಲ. ಮೋಟಾರಿನ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ದಿನಗಳಲ್ಲಿ ಪಂಪ್‌ಸೆಟ್ಟಿನ ಮನೆಗೆ ಒಬ್ಬನೇ ನಡೆದು ಹೋಗುವವನು, ಬೆಳಗಿನ ಜಾವ ಹಳ್ಳದ ಕಡೆ ಹೋಗುವ ಲೈನಿನ ಹೆಂಗಸರು, ಹಲಸಿನ ಮರದ ಬುಡಕ್ಕೆ ಮಬ್ಬುಗತ್ತಲಲ್ಲಿ ಹೋಗುವ ಹುಡುಗರು, ಇವರೇ ಕರಡಿಯ ಕೈಗೆ ಸಿಕ್ಕುವವರು. ಹುಲಿ ಚಿರತೆಗಳ ಸುದ್ದಿ ದೊಡ್ಡದಾಗುತ್ತದೆ, ಕರಡಿಯದು ಅಷ್ಟಾಗುವುದಿಲ್ಲ. ಆದರೆ ಮಧ್ಯಪ್ರದೇಶದಲ್ಲಿ 1989ರ ಏಪ್ರಿಲ್‌ನಿಂದ 1994ರ ಮಾರ್ಚ್‌ವರೆಗೆ, ಐದೇ ವರ್ಷಗಳಲ್ಲಿ ಕರಡಿಗಳು 735 ಜನರ ಮೇಲೆ ಬಿದ್ದುದು ಲೆಕ್ಕಕ್ಕೆ ಸಿಕ್ಕಿತು. ಅವರಲ್ಲಿ 48 ಜನ ಸತ್ತರು. ಉಳಿದವರು ಬದುಕಿದರೆಂದು ಸಮಾಧಾನಪಡುವಂತಿಲ್ಲ. ಕರಡಿಯ ಉಗುರು ಮತ್ತು ಹಲ್ಲು ಹೆಚ್ಚಾಗಿ ತಲೆ ಮುಖಗಳಿಗೇ ಹೋಗುತ್ತವೆ. ಕಣ್ಣೋ ಮೂಗೋ ಹೋದ ಮನುಷ್ಯನ ಬಾಳು ಹೇಗಿರುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಮೊದಲು ಸ್ಲಗ್ ಎಂದರೇನೆಂದು ನೋಡೋಣ. (ನಮ್ಮ ಸಸಿಮಡಿಯಲ್ಲಿ ಎಳೆ ಗಿಡ ತಿನ್ನುವ ಲೋಳೆಹುಳುವಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು. ಔಷಧಿ ಅಂಗಡಿಯಲ್ಲಿ ಸ್ಲಗ್ ಕೇಳಿದರೆ ಬೇರೆಯೇ ಪೊಟ್ಟಣ ಬಂದೀತು!) ನಮ್ಮ ಹನ್ನೆರಡು ಬೋರಿನ ತೋಟಾ ಕೋವಿಗೆ ಆ ಹೆಸರು ಬಂದದ್ದು ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮನಾದ ಗುಂಡು ಮಾಡಿದರೆ ಒಂದೊಂದೂ ನಳಿಗೆಯ ಅಗಲಕ್ಕೆ ಸರಿಹೋಗುವುದೆಂಬ ಲೆಕ್ಕದಿಂದ. ಅಗಲ ಸುಮಾರು 18.5 ಮಿಲಿಮೀಟರ್. ಸಾಮಾನ್ಯ ಕಾಟ್ರಿಜ್‌ನಲ್ಲಿ ಇಷ್ಟಗಲದ ನಳಿಗೆಯಿಂದ ಹೊರಡುವುದು ಚರೆಗಳ ಗುಂಪು. ಸ್ಲಗ್‌ನಲ್ಲಿ ಹೊರಡುವುದು ಒಂದೇ ತುಂಡು ಸೀಸ, ಸುಮಾರು ಒಂದು ಔನ್ಸ್, ಎಂದರೆ 28 ಗ್ರಾಂ. ಹಳಬರು ಇದನ್ನೇ ಒಂಟಿಗುಂಡು, ಬಾಲ್ ಕಾಟ್ರಿಜ್ ಎನ್ನುತ್ತಿದ್ದರು. ಆಗಿನದು ಗೋಲಿಯಂಥ ದುಂಡು ಗುಂಡು, ಈಗಿನದಕ್ಕೆ ಆಕಾರ ಬೇರೆ.

ಈ ಆಕಾರದಲ್ಲಿ ಎರಡು ಜಾತಿ ಮುಖ್ಯ. ಒಂದು, ಜರ್ಮನಿಯ ವಿಲ್‌ಹೆಲ್ಮ್ ಬ್ರೆನೆಕೆ 1898ರಲ್ಲಿ ಮಾಡಿದ್ದು. ಇದು ಗಟ್ಟಿ ಸೀಸದ ತುಂಡು, ಹಿಂಭಾಗಕ್ಕೆ ಒತ್ತುಬಿರಡೆಯನ್ನು ಸ್ಕ್ರೂ ಹಾಕಿ ಬಿಗಿದಿರುತ್ತದೆ. ಗುಂಡು ಹಾರುವಾಗ ಆ ಬಿರಡೆ ಬಾಣದ ಗರಿಯಂತೆ ಹಿಂದೆ ಉಳಿದು, ಗುಂಡು ಪಲ್ಟಿಯಾಗದಂತೆ ನೋಡಿಕೊಳ್ಳುತ್ತದೆ. ಇನ್ನೊಂದು, ಅಮೆರಿಕದ ಕಾರ್ಲ್ ಫೋಸ್ಟರ್ 1931ರಲ್ಲಿ ಮಾಡಿದ್ದು. ಇದು ಮೆತುಸೀಸದ್ದು, ಹೊಲಿಗೆಯವರು ಬೆರಳಿಗೆ ಹಾಕುವ ಟೋಪಿಯಂತೆ ಹಿಂದೆ ಟೊಳ್ಳು. ಮುಂಭಾಗ ಭಾರವಾದ್ದರಿಂದ ನೇರವಾಗಿ ಹೋಗುತ್ತದೆ. ಎರಡರ ಮೈಮೇಲೂ ಓರೆ ಗೆರೆಗಳಿರುತ್ತವೆ. ಆ ಗೆರೆಯಿಂದ ಗುಂಡು ರೈಫಲ್ಲಿನದರಂತೆ ಗಿರಗಿರನೆ ತಿರುಗುತ್ತದೆಂದು ಬಹಳ ಜನ ನಂಬಿದ್ದಾರೆ. ಅದು ಹೆಚ್ಚೇನೂ ತಿರುಗುವುದಿಲ್ಲ. ನಳಿಗೆಯ ತುದಿ ಕಿರಿದಾಗಿರುವಲ್ಲಿ, ಎಂದರೆ ಚೋಕ್ ಇರುವಲ್ಲಿ, ಸೀಸ ಹಿಚುಕಿಕೊಂಡು ದಾಟಲು ಆ ಗೆರೆಗಳು ಜಾಗ ಕೊಡುತ್ತವೆ, ಅದೇ ಅವುಗಳ ನಿಜವಾದ ಕೆಲಸ. ಪ್ಲಾಸ್ಟಿಕ್ ಕವಚದೊಳಗೆ ಸಣ್ಣ ಗುಂಡಿರುವ ಮೂರನೆಯ ಜಾತಿಯೂ ಇದೆ. ಅದು ಒಳಗೆ ತಿರುಪುಗೆರೆ ಕೊರೆದ ನಳಿಗೆಗೆ ಮಾತ್ರ ಹೇಳಿಸಿದ್ದು. ನಮ್ಮ ನುಣುಪು ನಳಿಗೆಯಲ್ಲಿ ಹೊಡೆದರೆ ಗುಂಡು ಪಲ್ಟಿ ಹೊಡೆದು ಎತ್ತಲೋ ಹೋಗುತ್ತದೆ.

ಅಮೆರಿಕದವರು ಕರಡಿಗೆ ಆರಿಸುವಾಗ ಟೊಳ್ಳು ಸ್ಲಗ್ ಬಿಟ್ಟು ಗಟ್ಟಿ ಸ್ಲಗ್‌ನ ಕಡೆ ವಾಲುತ್ತಾರೆ. ಕಾರಣ ಸರಳ. ಫೋಸ್ಟರ್ ಸ್ಲಗ್ಗು ಜಿಂಕೆಗೆಂದು ಹುಟ್ಟಿದ್ದು. ಮೆತ್ತನೆ ಸೀಸ ಮೈಗೆ ತಗುಲಿದೊಡನೆ ಅಗಲವಾಗಿ ಹರಡುತ್ತದೆ, ತೆಳು ಮೈಯ ಪ್ರಾಣಿಗೆ ಅದು ಒಳ್ಳೆಯದೇ. ಆದರೆ ಅಲಾಸ್ಕಾದ ಕಂದು ಕರಡಿಯ ಗಂಡು ಮುನ್ನೂರು ನಾನೂರು ಕಿಲೋ ತೂಗುತ್ತದೆ, ಕೆಲವು ಇನ್ನೂ ಹೆಚ್ಚು. ಭುಜದ ಮೂಳೆ ಒಡೆದು ಒಳಹೋಗಬೇಕಾದ ಸೀಸ ಅಲ್ಲಿ ಚಪ್ಪಟೆಯಾಗಿ ನಿಂತರೆ ಕರಡಿ ನಿಲ್ಲುವುದಿಲ್ಲ. 1983ರಲ್ಲಿ ಅಮೆರಿಕದ ಅರಣ್ಯ ಇಲಾಖೆಯ ಮೀಹನ್ ಮತ್ತು ಥೈಲೇನಿಯಸ್ ಎಂಬುವರು, ಕಾಡಿನಲ್ಲಿ ಓಡಾಡುವ ತಮ್ಮ ನೌಕರರಿಗಾಗಿಯೇ ಹಲವು ಬಗೆಯ ರೈಫಲು ಕೋವಿಗಳನ್ನು ಸಮೀಪದಿಂದ ಹೊಡೆದು ಪರೀಕ್ಷೆ ಮಾಡಿದರು. ಮೇಲಿನ ಸ್ಥಾನ ಬಂದದ್ದು .458, .375ರಂಥ ಭಾರಿ ರೈಫಲುಗಳಿಗೆ. ಹನ್ನೆರಡು ಬೋರಿನ ಸ್ಲಗ್ ಅವುಗಳಿಗಿಂತ ಕೆಳಗೆ ಬಂತು. ಹಾಗಿದ್ದೂ ಅಲಾಸ್ಕಾದ ಮೀನು ಮತ್ತು ಬೇಟೆ ಇಲಾಖೆಯವರು ಕರಡಿಯನ್ನು ಹೊಡೆಯಲೇಬೇಕಾಗಿ ಬಂದರೆ .300 ಮ್ಯಾಗ್ನಮ್ ರೈಫಲ್ ಅಥವಾ ಸ್ಲಗ್ ಹಾಕಿದ ಹನ್ನೆರಡು ಬೋರು ತಕ್ಕದ್ದೆಂದು ಹೇಳುತ್ತ ಬಂದಿದ್ದಾರೆ. ಸ್ಲಗ್‌ನ ಕೀರ್ತಿ ಹಬ್ಬಿದ್ದು ಹೀಗೆ. ಅದು ಅಲ್ಲಿನ ಮಟ್ಟಿಗೆ ಸುಳ್ಳಲ್ಲ.

ಈಗ ನಮ್ಮ ಕರಡಿಗೆ ಬರೋಣ. ಇದು ಬೇರೆಯೇ ಪ್ರಾಣಿ. ಗಂಡು 80ರಿಂದ 145 ಕಿಲೋ, ಹೆಣ್ಣು 55ರಿಂದ 95 ಕಿಲೋ, ಎಂದರೆ ದೊಡ್ಡ ಕಾಡುಹಂದಿಯ ತೂಕ. ನೋಡುವುದಕ್ಕೆ ಇನ್ನೂ ದೊಡ್ಡದೆನಿಸುವುದು ಆ ಜೋಲು ಕೂದಲಿನಿಂದ. ಗೆದ್ದಲು, ಇರುವೆ, ಜೇನು, ಬಾರೆ, ಕಕ್ಕೆಕಾಯಿ, ಹಲಸು ಇದರ ಆಹಾರ. ಮನುಷ್ಯನನ್ನು ತಿನ್ನಲು ಬರುವುದಿಲ್ಲ. ಹಾಗಾದರೆ ಮೇಲೆ ಬೀಳುವುದೇಕೆ? ಕರಡಿಗೆ ಮೂಗು ಚುರುಕು, ಕಣ್ಣು ಕಿವಿ ಮಂದ. ಹುತ್ತಕ್ಕೆ ಮೂತಿ ಇಟ್ಟು ಬುಸಬುಸನೆ ಗೆದ್ದಲು ಹೀರುವಾಗ ಅದಕ್ಕೆ ಹೊರಗಿನ ಸದ್ದೇ ಇಲ್ಲ. ಗಾಳಿ ಎದುರಾಗಿದ್ದರೆ ನಾವು ಹತ್ತು ಹೆಜ್ಜೆ ದೂರಕ್ಕೆ ಬರುವವರೆಗೂ ತಿಳಿಯುವುದಿಲ್ಲ, ತಿಳಿದ ಕ್ಷಣ ಗಾಬರಿಯಿಂದ ಎರಗುತ್ತದೆ. ಹುಲಿಯಿರುವ ಕಾಡಿನಲ್ಲಿ ಬಾಳಿಬಂದ ಪ್ರಾಣಿ. ಮರ ಹತ್ತಿದರೆ ಚಿರತೆಯೂ ಹತ್ತೀತು, ಓಡಿದರೆ ಹುಲಿ ಹಿಡಿದೀತು, ಎದುರು ಬೀಳುವುದೇ ಅದಕ್ಕಿರುವ ದಾರಿ. ಬೆನ್ನ ಮೇಲೆ ಮರಿ ಹೊತ್ತ ತಾಯಿಯಾದರಂತೂ ಹೇಳುವುದೇ ಬೇಡ. ಮರಿ ಹಾಕುವುದು ಹೆಚ್ಚಾಗಿ ನವೆಂಬರಿನಿಂದ ಜನವರಿಯೊಳಗೆ, ನಮ್ಮ ಅಡಿಕೆ ಕೊಯ್ಲು ಕಾಫಿ ಹಣ್ಣಿನ ಕೆಲಸ ಎರಡೂ ನಡೆಯುವ ಕಾಲ.

ಈ ಸ್ವಭಾವವನ್ನು ಲೆಕ್ಕಕ್ಕೆ ಹಿಡಿದರೆ ಕಾಟ್ರಿಜ್ ಪ್ರಶ್ನೆಯ ಬಣ್ಣವೇ ಬದಲಾಗುತ್ತದೆ. ಕರಡಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುತ್ತದೆಂದೇ ಹಿಡಿಯೋಣ (ಇದಕ್ಕಿಂತ ಜೋರಾಗಿಯೂ ಬರಬಲ್ಲುದು). ಸೆಕೆಂಡಿಗೆ ಎಂಟು ಮೀಟರಿಗೆ ಮೇಲಾಯಿತು. ಹತ್ತು ಹೆಜ್ಜೆ ಎಂದರೆ ಏಳೂವರೆ ಮೀಟರ್. ಒಂದು ಸೆಕೆಂಡ್ ತುಂಬುವುದರೊಳಗೆ ಮೈಮೇಲಿರುತ್ತದೆ. ಆ ಒಂದು ಸೆಕೆಂಡಿನಲ್ಲಿ ಹೆಗಲ ಕೋವಿ ಕೆಳಗಿಳಿಸಿ, ಸೇಫ್ಟಿ ತಳ್ಳಿ, ಅಥವಾ ಹಳೆಯ ಕೋವಿಯಾದರೆ ಕುದುರೆ ಎಳೆದು, ಕತ್ತಲಲ್ಲಿ ಗುರಿಯಿಟ್ಟು ಹೊಡೆಯಬೇಕು. ಒಂದು ಕೈಯಲ್ಲಿ ಬ್ಯಾಟರಿ ಬೇರೆ! ನಳಿಗೆಯೊಳಗೆ ಇರುವುದು ಸ್ಲಗ್ಗೋ ಎಲ್.ಜಿ.ಯೋ ಎಂಬುದು ಆಮೇಲಿನ ಮಾತು.

ಇದು ನನ್ನ ಊಹೆಯಲ್ಲ. ಅಲಾಸ್ಕಾದಲ್ಲಿ 1883ರಿಂದ 2009ರವರೆಗೆ ಮನುಷ್ಯನ ಕೈಯಲ್ಲಿ ಬಂದೂಕು ಇದ್ದಾಗ ನಡೆದ 269 ಕರಡಿ ಪ್ರಸಂಗಗಳನ್ನು ಟಾಮ್ ಸ್ಮಿತ್ ಮತ್ತು ಸಂಗಡಿಗರು ಒಂದೊಂದಾಗಿ ನೋಡಿ 2012ರಲ್ಲಿ ಪ್ರಕಟಿಸಿದರು. ಬಂದೂಕು ಹೊತ್ತವರಲ್ಲಿ ಅದನ್ನು ಬಳಸಿದವರಿಗೂ ಬಳಸದವರಿಗೂ ಗಾಯದ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಂಡುಬರಲಿಲ್ಲ. ಬಂದೂಕು ಕೈಕೊಟ್ಟ ಕಾರಣಗಳಲ್ಲಿ ಮುಂದಿನದು ಹೊಡೆಯಲು ಸಮಯವೇ ಸಿಗದಿದ್ದುದು. ಅದೇ ಸ್ಮಿತ್ ತಂಡ 2008ರಲ್ಲಿ ಕರಡಿಗೆಂದೇ ತಯಾರಾಗುವ ಖಾರದ ಸ್ಪ್ರೇ ಡಬ್ಬಿಯ ಲೆಕ್ಕ ಕೊಟ್ಟಿತ್ತು. 1985ರಿಂದ 2006ರವರೆಗಿನ 83 ಪ್ರಸಂಗಗಳಲ್ಲಿ, ಸಮೀಪದಲ್ಲಿ ಎದುರಾಗಿ ಸ್ಪ್ರೇ ಹಿಡಿದಿದ್ದವರಲ್ಲಿ ನೂರಕ್ಕೆ 98 ಜನಕ್ಕೆ ಗಾಯವೇ ಆಗಲಿಲ್ಲ. ಆ ಡಬ್ಬಿ ಏಳೆಂಟು ಮೀಟರ್ ದೂರಕ್ಕೆ ಮೋಡದಂತೆ ಹರಡುವಂಥದು. ಹೆಂಗಸರ ಕೈಚೀಲದಲ್ಲಿ ಇಡುವ ಪುಟ್ಟ ಪೆಪ್ಪರ್ ಸ್ಪ್ರೇಯೇ ಅದೆಂದು ತಿಳಿದು ಭರವಸೆ ಇಡಬೇಡಿ. ಎರಡು ಲೆಕ್ಕವೂ ಅಲ್ಲಿನ ಕರಡಿಗಳದು, ನಮ್ಮ ಕರಡಿಗೆ ಹಾಗೆಹಾಗೆಯೇ ಹೊಂದಿಸುವಂತಿಲ್ಲ. ಸಮಯದ ಮಾತು ಮಾತ್ರ ನಮಗೆ ಇನ್ನೂ ಹೆಚ್ಚು ಹೊಂದುತ್ತದೆ. ಅಲ್ಲಿ ಬಯಲಿನಲ್ಲಿ ದೂರದಿಂದ ಕರಡಿ ಕಂಡೀತು. ರೊಬಸ್ಟಾ ಗಿಡದ ಸಾಲಿನಲ್ಲಿ, ಲಂಟಾನದ ಮೆಳೆಯ ಪಕ್ಕದಲ್ಲಿ ಎಲ್ಲಿ ಕಂಡೀತು?

ಇಷ್ಟಾದ ಮೇಲೂ ಲೈಸೆನ್ಸ್ ಇರುವವರ ಮನೆಯಲ್ಲಿ ಕೋವಿ ಇದ್ದೇ ಇರುತ್ತದೆ, ಅದರಲ್ಲಿ ಏನಾದರೊಂದು ಕಾಟ್ರಿಜ್ ಇರಲೇಬೇಕು. ನನ್ನ ಅಭಿಪ್ರಾಯ ಇಷ್ಟು. ಸ್ಲಗ್‌ಗಾಗಿ ಪೇಟೆ ಸುತ್ತಬೇಡಿ. ಖಡ್ಕಿಯ ಕಾರ್ಖಾನೆಯ ಶಕ್ತಿಮಾನ್ ಕಾಟ್ರಿಜ್‌ನಲ್ಲಿ ಎಸ್.ಜಿ.ಯೋ ಎಲ್.ಜಿ.ಯೋ ಸಿಕ್ಕಿದರೆ ಸಾಕು. ಎಸ್.ಜಿ. ಚರೆ ಔನ್ಸಿಗೆ ಎಂಟು, ಒಂದೊಂದೂ ಮೂರೂವರೆ ಗ್ರಾಂ, ಎಲ್.ಜಿ. ಔನ್ಸಿಗೆ ಆರು, ಒಂದೊಂದೂ ನಾಲ್ಕೂವರೆ ಗ್ರಾಂ ಮೇಲೆ. ಹತ್ತು ಹೆಜ್ಜೆಯೊಳಗೆ ಈ ಚರೆಗಳು ಒಂದು ಗೇಣಿನಷ್ಟು ಅಗಲಕ್ಕೆ ಮಾತ್ರ ಹರಡಿರುತ್ತವೆ, ನೂರು ಕಿಲೋ ಪ್ರಾಣಿಗೆ ಬೇಕಾದಷ್ಟು ಒಳಹೋಗುತ್ತವೆ. ಚರೆ ಹರಡುತ್ತದೆ, ಗುರಿ ಹೇಗಿದ್ದರೂ ತಗುಲುತ್ತದೆ ಎಂಬ ನಂಬಿಕೆ ಮಾತ್ರ ಬಿಡಬೇಕು. ಆ ದೂರದಲ್ಲಿ ಎಸ್.ಜಿ.ಗೂ ಸ್ಲಗ್‌ನಷ್ಟೇ ಗುರಿ ಬೇಕು. ಮೂವತ್ತು ನಲವತ್ತು ಹೆಜ್ಜೆ ದೂರದ ಕರಡಿಗೆ ಹೊಡೆಯುವ ಪ್ರಶ್ನೆಯೇ ಇಲ್ಲ. ಅಷ್ಟು ದೂರದ ಕರಡಿಯಿಂದ ಪ್ರಾಣರಕ್ಷಣೆ ಎಂದರೆ ಹಿಂದೆ ಸರಿಯುವುದು.

ಸ್ಲಗ್ ಬೇಡವೆನ್ನಲು ಇನ್ನೂ ಒಂದು ಕಾರಣವುಂಟು, ನನ್ನ ಮಟ್ಟಿಗೆ ಅದೇ ದೊಡ್ಡದು. ತಪ್ಪಿದ ಸ್ಲಗ್ ಅರ್ಧ ಮೈಲಿಗೂ ಮೀರಿ ಹೋಗಿ ಪ್ರಾಣ ತೆಗೆಯಬಲ್ಲುದು. ಕಾಫಿ ಗಿಡ ಅದನ್ನು ತಡೆಯುವುದಿಲ್ಲ. ನಮ್ಮ ತೋಟಗಳು ಅಲಾಸ್ಕಾದಂತೆ ಜನವಿಲ್ಲದ ಜಾಗವಲ್ಲ. ಒಂದು ಕಡೆ ಲೈನ್ ಮನೆ, ಇನ್ನೊಂದು ಕಡೆ ಪಕ್ಕದವರ ಕಣ, ನಡುವೆ ಕಾಲುದಾರಿ. ಕರಡಿಯೆಂದು ಹೊಡೆದ ಈಡು ಕಂಬಳಿ ಹೊದ್ದ ಮನುಷ್ಯನಿಗೆ ತಗುಲಿದ ಸುದ್ದಿ ಮಲೆನಾಡಿನವರಿಗೆ ಹೊಸದಲ್ಲ.

ಹಳೆಯ ಕೋವಿ ಇರುವವರು ಇದೊಂದು ಭಾಗವನ್ನು ದಯವಿಟ್ಟು ಎರಡು ಬಾರಿ ಓದಬೇಕು. ಅಜ್ಜನ ಕಾಲದ ಇಂಗ್ಲಿಷ್ ಜೋಡು ನಳಿಗೆ ಕೋವಿಗಳಲ್ಲಿ ಬಹಳಷ್ಟಕ್ಕೆ ಕಾಟ್ರಿಜ್ ಕೂರುವ ಗೂಡು ಎರಡೂವರೆ ಅಂಗುಲದ್ದು, ಎಂದರೆ 65 ಮಿಲಿಮೀಟರ್. ಈಗ ಅಂಗಡಿಯಲ್ಲಿ ಸಿಗುವ ಕಾಟ್ರಿಜ್ ಸಾಮಾನ್ಯವಾಗಿ 70 ಮಿಲಿಮೀಟರಿನದು. ಆ ಅಳತೆ ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನದು, ಆದ್ದರಿಂದ ಹೊಡೆಯುವ ಮುಂಚೆ ಅದು ಚಿಕ್ಕ ಗೂಡಿಗೂ ಸಲೀಸಾಗಿ ಇಳಿಯುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ, ಏನೂ ತೊಂದರೆ ಕಾಣುವುದಿಲ್ಲ. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ನಳಿಗೆ ಕಳಚಿ, ಅಡಿಯ ಚಪ್ಪಟೆ ಭಾಗದ ಮುದ್ರೆಗಳನ್ನು ಭೂತಗನ್ನಡಿ ಹಿಡಿದು ನೋಡಿ. ಗೂಡಿನ ಉದ್ದ ಕೊರೆದಿದ್ದರೆ ಅಲ್ಲಿ ತಿಳಿಯುತ್ತದೆ. 'ನೈಟ್ರೋ ಪ್ರೂಫ್' ಎಂಬ ಮುದ್ರೆ ಇಲ್ಲದಿದ್ದರೆ, ಅಥವಾ ನಳಿಗೆಯ ಮೇಲೆ ರೇಷ್ಮೆ ಸೀರೆಯ ಅಲೆಯಂಥ ಡಮಾಸ್ಕಸ್ ಗೆರೆ ಇದ್ದರೆ, ಅದು ಕರಿಮದ್ದಿನ ಕಾಲದ ಕೋವಿ. ಈಗಿನ ಕಾಟ್ರಿಜ್‌ಗೆ ಅದನ್ನು ಒಡ್ಡಬೇಡಿ, ಗೋಡೆಯ ಮೇಲೆ ಚಂದವಾಗಿರುತ್ತದೆ. 1875ರಿಂದ 1887ರವರೆಗಿನ ಕೆಲವು ಇಂಗ್ಲಿಷ್ ನಳಿಗೆಗಳ ಮೇಲೆ 'ನಾಟ್ ಫಾರ್ ಬಾಲ್' ಎಂದೇ ಕೊರೆದಿರುತ್ತದೆ. ತುದಿಯಲ್ಲಿ ಚೋಕ್ ಇದೆ, ಒಂಟಿಗುಂಡು ಹಾಕಬೇಡಿ ಎಂದು ಅದರ ಅರ್ಥ. ಅನುಮಾನವಿದ್ದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸಿ ಅಳೆಸಬೇಕು.

ಚರೆ ಕಾಟ್ರಿಜ್ ಬಾಯಿ ಬಿಚ್ಚಿ ಮೇಣ ಹುಯ್ದು ಒಂಟಿಗುಂಡು ಮಾಡುವುದು, ಬೇರಿಂಗಿನ ಗುಂಡು ತುರುಕುವುದು, ಇವೆಲ್ಲ ಕೈ ಹೋಗುವ ವಿದ್ಯೆಗಳು. ಕೇಪಿನ ಕೋವಿಯಂತೂ ಕರಡಿಗೆ ಹೇಳಿಸಿದ್ದೇ ಅಲ್ಲ. ಒಂದೇ ಈಡು, ಮಳೆಗಾಲದಲ್ಲಿ ಅದೂ ಹತ್ತಿದರೆ ಹತ್ತಿತು. ಕಾಟ್ರಿಜ್ ಇಡುವ ಜಾಗದ ಬಗ್ಗೆಯೂ ಒಂದು ಮಾತು. ಒಲೆಯ ಮೇಲಿನ ಅಟ್ಟ ಬೇಡ, ಮಳೆಗಾಲದ ಗೋಡೆಗೂಡೂ ಬೇಡ. ಬಿಗಿಮುಚ್ಚಳದ ಡಬ್ಬಿಯಲ್ಲಿ, ಕೋವಿಯಿಂದ ಬೇರೆಯಾಗಿ, ಬೀಗ ಹಾಕಿ ಇಡಬೇಕು. ಉಬ್ಬಿದ್ದನ್ನು, ಹಿತ್ತಾಳೆ ಹಸಿರುಗಟ್ಟಿದ್ದನ್ನು ಬಳಸಬಾರದು.

ಹೊಡೆದ ಮೇಲಿನ ಕಥೆ ಯಾರೂ ಕೇಳುವುದಿಲ್ಲ. ಕರಡಿಯ ಕೂದಲು ಉದ್ದ, ಮೈ ಎಲ್ಲಿ ಮುಗಿಯಿತು ಕೂದಲು ಎಲ್ಲಿ ಶುರುವಾಯಿತು ಎಂದು ಹಗಲಲ್ಲೇ ತಿಳಿಯುವುದು ಕಷ್ಟ. ಅರೆ ತಗುಲಿದ ಕರಡಿ ಅಲ್ಲೇ ಬೀಳುವುದಿಲ್ಲ, ಹತ್ತಿರದ ಮೆಳೆ ಸೇರುತ್ತದೆ. ಮರುದಿನ ಬೆಳಿಗ್ಗೆ ಆ ಮೆಳೆಯ ಪಕ್ಕಕ್ಕೆ ಹಣ್ಣು ಕೊಯ್ಯಲು ಹೋಗುವವರು ಯಾರು? ಕೋವಿ ಹಿಡಿದವನಲ್ಲ, ಬುಟ್ಟಿ ಹಿಡಿದ ಹೆಂಗಸರು. ಕರಡಿ ಗಾಯಗೊಂಡಿದೆಯೆಂಬ ಅನುಮಾನ ಇದ್ದರೂ ಸರಿಯೆ, ಆ ತುಂಡಿನಲ್ಲಿ ಕೆಲಸ ನಿಲ್ಲಿಸಿ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಲೇಬೇಕು. ಬೇಲಿಯಲ್ಲಿ ಹಂದಿಗೆಂದು ತಂತಿ ಉರುಳು ಒಡ್ಡುವವರಿಗೂ ಇದೇ ಮಾತು. ಉರುಳಿಗೆ ಸಿಕ್ಕಿದ ಕರಡಿಗಿಂತ ಅಪಾಯದ ಕರಡಿ ಇಲ್ಲ, ಉರುಳು ಒಡ್ಡುವುದೇ ಕಾನೂನಿಗೆ ವಿರುದ್ಧ.

ಹಾಗಾದರೆ ಹಣ ಎಲ್ಲಿ ಹಾಕಬೇಕು? ಒಂದು ಪೆಟ್ಟಿಗೆ ಕಾಟ್ರಿಜ್‌ನ ಹಣಕ್ಕೆ ಒಳ್ಳೆಯ ತಲೆದೀಪ ಬರುತ್ತದೆ. ಎರಡು ಕೈಯೂ ಬಿಡುವಾಗುತ್ತವೆ, ಬೆಳಕು ಮೂವತ್ತು ನಲವತ್ತು ಹೆಜ್ಜೆ ಮುಂದೆ ಹೋಗುತ್ತದೆ, ಹತ್ತು ಹೆಜ್ಜೆಗೆ ಎದುರಾಗುವ ಕರಡಿ ಮೂವತ್ತು ಹೆಜ್ಜೆಗೇ ಕಾಣುತ್ತದೆ. ಪಂಪ್‌ಸೆಟ್ಟಿನ ದಾರಿಯ ಇಕ್ಕೆಲದಲ್ಲಿ ಎರಡೆರಡು ಮಾರು ಕಳೆ ಮೆಳೆ ಸವರಿಸಿ. ರಾತ್ರಿ ಕರೆಂಟಿನ ಊರುಗಳಲ್ಲಿ ಮೊಬೈಲಿನಿಂದಲೇ ಮೋಟಾರು ಶುರುಮಾಡುವ ಪೆಟ್ಟಿಗೆ ಹಾಕಿಸಿದವರು ರಾತ್ರಿ ಹೊರಡುವುದನ್ನೇ ಬಿಟ್ಟಿದ್ದಾರೆ. ಕರಡಿಗೆ ಇದಕ್ಕಿಂತ ಒಳ್ಳೆಯ ಕಾಟ್ರಿಜ್ ನಾನು ಕಂಡಿಲ್ಲ. ಹೋಗಲೇಬೇಕಾದರೆ ಇಬ್ಬರು ಹೋಗಿ, ಮಾತಾಡುತ್ತ ಹೋಗಿ. ಒಬ್ಬರೇ ಆದರೆ ಕೆಮ್ಮುತ್ತ, ಕೋಲು ಕುಟ್ಟುತ್ತ ಹೋಗಬೇಕು. ಕಿವಿ ಮಂದವಾದ ಪ್ರಾಣಿಗೆ ನಾವು ಬರುವ ಸುದ್ದಿ ಮೊದಲೇ ಮುಟ್ಟಿಸಿದರೆ ಹೆಚ್ಚಿನ ಸಲ ಅದೇ ದಾರಿ ಬಿಡುತ್ತದೆ. ಕಿವಿಗೆ ಹಾಡಿನ ವಯರು ಸಿಕ್ಕಿಸಿಕೊಂಡು ಸದ್ದಿಲ್ಲದೆ ನಡೆಯುವ ಈಗಿನ ಹುಡುಗರಿಗೆ ಮನೆಯವರು ಇದನ್ನು ಹೇಳಬೇಕು. ಬಿದ್ದ ಹಲಸಿನ ಹಣ್ಣನ್ನು ಸಂಜೆಯೊಳಗೆ ಎತ್ತಿಸಬೇಕು. ಲೈನಿನ ಹತ್ತಿರ ಕೊಳೆಯಲು ಬಿಟ್ಟ ಹಲಸು ಕರಡಿಗೆ ಕೊಟ್ಟ ಕರೆಯೋಲೆ. ಗರ್ನಾಲು ಪಟಾಕಿ ದೂರದ ಕರಡಿಗೆ ಸರಿ, ಹತ್ತಿರದ್ದಕ್ಕೆ ಹಚ್ಚಿದರೆ ಅದು ಬೆದರಿ ನಮ್ಮ ಮೇಲೇ ಬಂದೀತು.

ಕರಡಿ ದೂರದಲ್ಲಿ ಕಂಡರೆ ನಿಂತು, ಮರಿ ಎಲ್ಲಿದೆಯೆಂದು ನೋಡಿ, ಬೆನ್ನು ತೋರಿಸದೆ ಹಿಂದೆ ಸರಿಯಬೇಕು. ಓಡಬಾರದು, ಮರ ಹತ್ತಿಯೂ ಪ್ರಯೋಜನವಿಲ್ಲ, ಅದು ನಮಗಿಂತ ಚೆನ್ನಾಗಿ ಹತ್ತುತ್ತದೆ. ಮೇಲೆ ಬಂದೇ ಬಿಟ್ಟರೆ ಕೋಲು, ಕೊಡೆ, ಬುಟ್ಟಿ, ಕೈಲಿದ್ದದ್ದನ್ನು ಅದರ ಮುಖಕ್ಕೂ ನಮ್ಮ ಮುಖಕ್ಕೂ ನಡುವೆ ಒಡ್ಡಬೇಕು. ಕೆಡವಿತೋ, ಬೋರಲು ಮಲಗಿ, ಎರಡು ಕೈ ಬೆರಳು ಹೆಣೆದು ಕುತ್ತಿಗೆಯ ಹಿಂದೆ ಇಟ್ಟು, ಮೊಣಕೈಗಳಿಂದ ಕೆನ್ನೆ ಮುಚ್ಚಿ, ಅದು ಹೋಗುವವರೆಗೂ ಅಲುಗಬಾರದು. ಬೆನ್ನಿನ ಗಾಯ ಮಾಯುತ್ತದೆ, ಕಣ್ಣು ಮತ್ತೆ ಬರುವುದಿಲ್ಲ. ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಸೇರಿಸಬೇಕು. ನಾಯಿ ಕಚ್ಚಿದಾಗಿನಂತೆಯೇ ಹುಚ್ಚುರೋಗದ ಲಸಿಕೆ ಇಲ್ಲೂ ಬೇಕು, ವೈದ್ಯರು ಮರೆತರೆ ನಾವೇ ಕೇಳಬೇಕು. ಪರಿಹಾರದ ಅರ್ಜಿಗೆ ವೈದ್ಯರ ಪ್ರಮಾಣಪತ್ರ ಬೇಕಾಗುವುದರಿಂದ ಆಸ್ಪತ್ರೆಯ ಕಾಗದಗಳನ್ನು ಎಸೆಯಬಾರದು.

ಕಾನೂನಿನ ವಿಷಯ. ಕರಡಿ ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ, ಎಂದರೆ ಹುಲಿಯ ಸಾಲಿನಲ್ಲಿ. ಕೊಂದರೆ ಮೂರರಿಂದ ಏಳು ವರ್ಷ ಸಜೆ, ಜೊತೆಗೆ ದಂಡ. ಅದೇ ಕಾಯಿದೆಯ 11ನೆಯ ಕಲಮಿನ 2ನೆಯ ಉಪಕಲಮು, ತನ್ನ ಅಥವಾ ಇನ್ನೊಬ್ಬ ಮನುಷ್ಯನ ರಕ್ಷಣೆಗಾಗಿ ಸದ್ಭಾವನೆಯಿಂದ ಕೊಂದರೆ ಅಥವಾ ಗಾಯಪಡಿಸಿದರೆ ಅಪರಾಧವಲ್ಲ ಎನ್ನುತ್ತದೆ. ಅಲ್ಲಿ ಹೇಳಿರುವುದು ಮನುಷ್ಯ. ಬಾಳೆ, ಜೇನುಪೆಟ್ಟಿಗೆ, ನಾಯಿ, ದನ ಯಾವುದೂ ಅಲ್ಲ. ಇನ್ನೊಂದು ಮುಖ್ಯವಾದ ಷರತ್ತೂ ಇದೆ. ಆ ಹೊತ್ತಿನಲ್ಲಿ ಕಾಯಿದೆಗೆ ವಿರುದ್ಧವಾದ ಕೆಲಸದಲ್ಲಿ ತೊಡಗಿದ್ದವನಿಗೆ ಈ ರಕ್ಷಣೆ ಸಿಗುವುದಿಲ್ಲ. ಹಂದಿ ಕಾಯಲು ಅನುಮತಿಯಿಲ್ಲದೆ ಮರಸು ಕೂತವನ ಮೇಲೆ ಕರಡಿ ಬಿದ್ದು, ಅವನು ಹೊಡೆದರೆ, ಪ್ರಾಣರಕ್ಷಣೆ ಎಂಬ ಮಾತು ನಿಲ್ಲುವುದಿಲ್ಲ. ಹಾಗೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಪಿತ್ತವಾಗಲಿ ಉಗುರಾಗಲಿ ಕೂದಲಾಗಲಿ ಮುಟ್ಟಕೂಡದು. 48 ಗಂಟೆಯೊಳಗೆ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಅಧಿಕಾರಿಗೆ ವರದಿ ಕೊಡಬೇಕು. ಬೆಳಗಾಗುವುದರೊಳಗೆ ಕೊಡುವುದು ಇನ್ನೂ ಲೇಸು, ಬಿದ್ದ ಜಾಗವನ್ನು ಹಾಗೆಯೇ ಬಿಟ್ಟಿರಬೇಕು.

ಕೊಡಗಿನ ನಮ್ಮ ಸದಸ್ಯರಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿದೆ. ಅದು ಲೈಸೆನ್ಸಿನಿಂದ ವಿನಾಯಿತಿ, ವನ್ಯಜೀವಿ ಕಾಯಿದೆಯಿಂದಲ್ಲ. ಉಳಿದವರ ಲೈಸೆನ್ಸಿನ ಅವಧಿ 2019ರ ತಿದ್ದುಪಡಿಯಿಂದ ಮೂರು ವರ್ಷದ ಬದಲು ಐದು ವರ್ಷವಾಗಿದೆ, ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ. ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಕಾಟ್ರಿಜ್ ಕೊಳ್ಳಬಹುದೆಂಬುದು ಲೈಸೆನ್ಸಿನಲ್ಲೇ ಬರೆದಿರುತ್ತದೆ, ಅಂಗಡಿಗೆ ಹೋಗುವ ಮೊದಲು ಅದನ್ನು ಓದಿಕೊಂಡು ಹೋಗಿ. ಚುನಾವಣೆ ಬಂದಾಗಲೆಲ್ಲ ಕೋವಿಗಳು ಠಾಣೆ ಸೇರುತ್ತವೆ, ಕರಡಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲ! ಕಾಡಂಚಿನ ಸದಸ್ಯರು ಕೋವಿ ಉಳಿಸಿಕೊಳ್ಳಲು ಕಾರಣ ತೋರಿಸಿ ಜಿಲ್ಲಾ ಸಮಿತಿಗೆ ಅರ್ಜಿ ಕೊಡಲು ಅವಕಾಶವಿದೆ. ಬರೆಸಿಕೊಳ್ಳಬೇಕಾದವರು ಲೈಸೆನ್ಸ್ ಪುಸ್ತಕ ಮತ್ತು ಪಹಣಿಯೊಂದಿಗೆ ಕೆಲಸದ ದಿನಗಳಲ್ಲಿ ಸಂಘದ ಕಚೇರಿಗೆ ಬರಬಹುದು.